ಸಂಕ್ರಾಂತಿಗೇ ಕೌದಿ ಮಡಚಿ ಇಡಬೇಡಿ: ಶಿವರಾತ್ರಿ ತನಕದ ನಮ್ಮ ಥಂಡಿಗೆ ಹೀಗೆ ತಯಾರಾಗಿ

ಸಂಕ್ರಾಂತಿ ಮುಗಿದು ಒಂದು ವಾರ ಆಗುವಷ್ಟರಲ್ಲಿ ನಮ್ಮ ಓಣಿಯಲ್ಲಿ ಕೌದಿ ಒಗೆಯುವುದು ಶುರುವಾಗುತ್ತದೆ. ಮಧ್ಯಾಹ್ನ ಬಿಸಿಲು ಚುರ್ ಅನ್ನುತ್ತಿರುತ್ತದೆ, ಫ್ಯಾನ್ ಹಾಕಬೇಕು ಅನಿಸುತ್ತದೆ, ಇನ್ನೇನು ಥಂಡಿ ಹೋಯಿತು ಅಂತ ಸ್ವೆಟರ್, ರಗ್ಗು, ಕಂಬಳಿ ಎಲ್ಲ ಟ್ರಂಕ್ ಸೇರುತ್ತವೆ. ಆಮೇಲೆ ಜನವರಿ ಕೊನೆಗೋ ಫೆಬ್ರುವರಿ ಮೊದಲ ವಾರಕ್ಕೋ ಒಂದು ದಿನ ಆಕಾಶ ತಿಳಿಯಾಗಿ ಉತ್ತರದ ಗಾಳಿ ಬೀಸುತ್ತದೆ. ಮರುದಿನ ನಸುಕಿನಲ್ಲಿ ಮಕ್ಕಳು ಮುದುಡಿಕೊಂಡು ಮಲಗಿರುತ್ತಾರೆ, ಅಜ್ಜನ ಕೆಮ್ಮು ನಿಲ್ಲುವುದಿಲ್ಲ, ಮನೆಯವರು ಕತ್ತಲಲ್ಲಿ ಟ್ರಂಕ್ ತೆಗೆದು ಹೊದಿಕೆ ಹುಡುಕುತ್ತಿರುತ್ತಾರೆ. ಇದು ಪ್ರತಿ ವರ್ಷದ ಕಥೆ.

ಶಿವರಾತ್ರಿಗೆ ಚಳಿ "ಶಿವ ಶಿವಾ" ಅಂತ ಓಡಿಹೋಗುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲ್ಲಿಯ ತನಕ ತಯಾರಿ ಬಿಡಬಾರದು. ಆದರೆ ಇಡೀ ದಿನ ಸ್ವೆಟರ್ ಹಾಕಿಕೊಂಡು ಕೂರಬೇಕಾಗಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಥಂಡಿ ಗಡಿಯಾರ ನೋಡಿಕೊಂಡು ಬರುತ್ತದೆ. ಸಂಜೆ ಆರಕ್ಕೆ ಶುರುವಾಗಿ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಅದಕ್ಕೇ ತಯಾರಿಯನ್ನೂ ಗಡಿಯಾರ ನೋಡಿಯೇ ಮಾಡಬೇಕು.

ಮೊದಲು ಆಕಾಶ ನೋಡುವುದನ್ನು ಕಲಿಯಿರಿ

ನಮ್ಮ ಕಡೆ ಸಮುದ್ರ ದೂರ, ಗಾಳಿ ಒಣ, ಚಳಿಗಾಲದಲ್ಲಿ ಆಕಾಶ ಬಹಳ ದಿನ ತಿಳಿಯಾಗಿರುತ್ತದೆ. ಹಗಲೆಲ್ಲ ನೆಲ ಕಾಯುತ್ತದೆ, ಸೂರ್ಯ ಮುಳುಗಿದ ಕೂಡಲೇ ಆ ಕಾವು ಸೀದಾ ಮೇಲಕ್ಕೆ ಹೋಗಿಬಿಡುತ್ತದೆ, ತಡೆಯಲು ಏನೂ ಇರುವುದಿಲ್ಲ. ಮೋಡ ಇದ್ದ ರಾತ್ರಿ ಮಾತ್ರ ಆ ಮೋಡವೇ ನೆಲಕ್ಕೆ ರಗ್ಗು ಹೊದಿಸಿದ ಹಾಗೆ ಕೆಲಸ ಮಾಡುತ್ತದೆ, ಥಂಡಿ ಕಡಿಮೆ ಇರುತ್ತದೆ. ಹಾಗಾಗಿಯೇ ಮಧ್ಯಾಹ್ನ 30 ಡಿಗ್ರಿ ಇದ್ದ ಊರಲ್ಲಿ ಮರುದಿನ ಬೆಳಿಗ್ಗೆ 12 ಡಿಗ್ರಿ ಇರುವುದು ನಮಗೆ ಹೊಸದೇನಲ್ಲ. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಸುತ್ತ ಬಯಲು. ಅಲ್ಲಿ ಥಂಡಿ ಜೋರಾದ ವರ್ಷ ಒಂದಂಕಿಗೆ ಇಳಿಯುತ್ತದೆ. ಕಲಬುರಗಿ, ಯಾದಗಿರಿ ಅದಕ್ಕಿಂತ ತಗ್ಗಿನಲ್ಲಿವೆ, ಥಂಡಿ ಸ್ವಲ್ಪ ಕಡಿಮೆ.

ಸಂಜೆ ಆರೂವರೆಗೆ ಒಮ್ಮೆ ಹೊರಗೆ ನಿಂತು ನೋಡಿ. ಆಕಾಶ ಸ್ವಚ್ಛ, ಗಾಳಿ ನಿಂತಿದೆ, ಒಲೆಯ ಹೊಗೆ ಮೇಲೆ ಏರದೆ ಓಣಿಯಲ್ಲೇ ಹರಡಿ ನಿಂತಿದೆ ಅಂದರೆ ಆ ರಾತ್ರಿ ಥಂಡಿ ಜಾಸ್ತಿ. ಮೋಡ ಕವಿದಿದ್ದರೆ ಒಂದು ಹೊದಿಕೆ ಸಾಕು. ಆದರೆ ಮೋಡ ಚದುರಿದ ಮಾರನೇ ರಾತ್ರಿ ಹುಷಾರು. ಎರಡು ದಿನ ಬೆಚ್ಚಗಿತ್ತು ಅಂತ ಮೈಮರೆತಾಗಲೇ ಥಂಡಿ ವಾಪಸ್ ಬಂದಿರುತ್ತದೆ.

ಹವಾಮಾನ ಇಲಾಖೆ ಕೊಡುವ ಕನಿಷ್ಠ ತಾಪಮಾನವನ್ನೂ ನೋಡುತ್ತಿರಿ. ಬಯಲು ಸೀಮೆಯಲ್ಲಿ ಅದು 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ವಾಡಿಕೆಗಿಂತ 4.5 ಡಿಗ್ರಿಯಷ್ಟು ಕಡಿಮೆಯಾದರೆ ಶೀತಗಾಳಿ ಅನ್ನುತ್ತಾರೆ. ಒಂದು ವಿಷಯ ನೆನಪಿರಲಿ. ಆ ಅಳತೆ ನೆಲದಿಂದ ನಾಲ್ಕೈದು ಅಡಿ ಮೇಲೆ, ನೆರಳಿನ ಪೆಟ್ಟಿಗೆಯೊಳಗೆ ತೆಗೆದದ್ದು. ಗಾಳಿ ಇಲ್ಲದ ರಾತ್ರಿ ಬಯಲಲ್ಲಿ ನೆಲದ ಮಟ್ಟದ ಥಂಡಿ ಅದಕ್ಕಿಂತಲೂ ಹೆಚ್ಚು. ಹೊಲದಲ್ಲಿ, ಅಂಗಳದಲ್ಲಿ ಮಲಗುವವರು ಟಿವಿಯಲ್ಲಿ ಹೇಳಿದ ಅಂಕಿಯಿಂದ ಎರಡು ಮೂರು ಡಿಗ್ರಿ ಕಳೆದೇ ಲೆಕ್ಕ ಹಾಕಬೇಕು. ತಗ್ಗಿನ ಹೊಲ, ಹಳ್ಳದ ದಂಡೆಯಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ತಣ್ಣಗಿನ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ.

ಮಧ್ಯಾಹ್ನವೇ ರಾತ್ರಿಯ ಕೆಲಸ ಮುಗಿಸಿ

ಹತ್ತು ಗಂಟೆಯಿಂದ ನಾಲ್ಕರ ತನಕ ನಮಗೆ ಬಿಸಿಲು ಬಿಟ್ಟಿ ಸಿಗುತ್ತದೆ, ಅದನ್ನು ಮನೆಯೊಳಗೆ ತುಂಬಿಕೊಳ್ಳಬೇಕು. ಈ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹೋಗುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿ, ಬಾಗಿಲು ಯಾವುದಿದೆಯೋ ಅದನ್ನು ತೆರೆದು ಪರದೆ ಸರಿಸಿ, ಬಿಸಿಲು ನೆಲದ ಮೇಲೆ ಬೀಳಲಿ. ಐದು ಗಂಟೆಗೆ ಎಲ್ಲ ಮುಚ್ಚಿ. ಆರಕ್ಕೆ ಅಲ್ಲ, ಐದಕ್ಕೆ! ಗೋಡೆಗಳು ಹೀರಿಕೊಂಡ ಕಾವು ರಾತ್ರಿ ಹತ್ತು ಹನ್ನೊಂದರ ತನಕವಾದರೂ ಬರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯೇ ಈ ಕೆಲಸ ಮಾಡುತ್ತಿತ್ತು. ಈಗಿನ ತೆಳು ಗೋಡೆಯ ಮನೆಗೆ ನಾವೇ ಗಡಿಯಾರ ನೋಡಿ ಮಾಡಬೇಕು.

ಕೌದಿ, ಕಂಬಳಿ, ದಿಂಬು ಮಧ್ಯಾಹ್ನ ಎರಡು ತಾಸು ಬಿಸಿಲಿಗೆ ಹಾಕಿ, ಮೂರು ನಾಲ್ಕು ಗಂಟೆಗೆ ಬಿಸಿ ಇದ್ದಾಗಲೇ ಮಡಚಿ ಒಂದರ ಮೇಲೊಂದು ಒಟ್ಟಿ ಇಡಿ. ಸಂಜೆ ತನಕ ಮಾಳಿಗೆ ಮೇಲೆಯೇ ಬಿಟ್ಟರೆ ಇಬ್ಬನಿಯ ತೇವ ಹಿಡಿಯುತ್ತದೆ. ಮಾಡಿದ್ದೆಲ್ಲ ವ್ಯರ್ಥ.

ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆ ಸುತ್ತಿ ಒತ್ತರಿಸಿ ಇಡಿ. ಉತ್ತರದ ಕಿಟಕಿಯ ಮುರಿದ ಗಾಜಿಗೆ ರಟ್ಟು ಅಂಟಿಸಿ. ಇಷ್ಟು ಮಾಡಿದರೂ ಒಂದು ಕಡೆ ಮೇಲಿನ ಬೆಳಕಿಂಡಿ ಮಾತ್ರ ಪೂರ್ತಿ ಮುಚ್ಚಬೇಡಿ. ಯಾಕೆ ಅಂತ ಬೆಂಕಿಯ ಮಾತು ಬಂದಾಗ ಹೇಳುತ್ತೇನೆ.

ಪತ್ರಾ, ಅಂದರೆ ತಗಡಿನ ಚಾವಣಿಯ ಮನೆಯವರಿಗೆ ಬೇರೆಯದೇ ತೊಂದರೆ. ನಾನು ಕಲಬುರಗಿಯಲ್ಲಿ ಓದುವಾಗ ಎರಡು ವರ್ಷ ಪತ್ರಾ ಹೊದಿಸಿದ ಬಾಡಿಗೆ ಕೋಣೆಯಲ್ಲಿದ್ದೆ. ಬೆಳಗಿನ ಐದು ಗಂಟೆಗೆ ಮುಖದ ಮೇಲೆ ಟಪ್ ಅಂತ ಹನಿ ಬೀಳುತ್ತಿತ್ತು. ಮಳೆ ಇಲ್ಲ, ಏನಿಲ್ಲ. ಟಾರ್ಚ್ ಹಾಕಿ ನೋಡಿದರೆ ಪತ್ರಾದ ಒಳಮೈ ತುಂಬ ಸಣ್ಣ ಸಣ್ಣ ಹನಿಗಳು, ಒಂದಕ್ಕೊಂದು ಕೂಡಿ ದಪ್ಪಗಾಗಿ ಏಣಿನ ಗುಂಟ ಜಾರಿ ಸರಿಯಾಗಿ ನನ್ನ ದಿಂಬಿನ ಮೇಲೆ ಬೀಳುತ್ತಿದ್ದವು. ರಾತ್ರಿ ತಗಡು ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತದೆ, ನಮ್ಮ ಉಸಿರಿನ ತೇವ ಅದಕ್ಕೆ ತಾಗಿ ನೀರಾಗುತ್ತದೆ. ಹೊದಿಕೆ ಒದ್ದೆಯಾದರೆ ಅದರ ಬೆಚ್ಚಗಿನ ಗುಣವೇ ಹೋಗುತ್ತದೆ. ಇದಕ್ಕೆ ಉಪಾಯ ಅಂದರೆ ಪತ್ರಾದ ಕೆಳಗೆ ಒಂದು ಗೇಣು ಬಿಟ್ಟು ಹಳೆ ಸೀರೆ ಅಥವಾ ಗೋಣಿ ತಟ್ಟು ಚಾವಣಿ ಹಾಗೆ ಬಿಗಿದು ಕಟ್ಟುವುದು. ಹನಿ ಅದರ ಮೇಲೆ ಬೀಳುತ್ತದೆ, ನಡುವೆ ನಿಂತ ಗಾಳಿ ಥಂಡಿಯನ್ನೂ ತಡೆಯುತ್ತದೆ. ಬಟ್ಟೆ ಬೇಗ ಹತ್ತಿಕೊಳ್ಳುವ ವಸ್ತು, ಆದ್ದರಿಂದ ಒಲೆ, ದೀಪ, ಕರೆಂಟ್ ವೈರ್ ಇರುವ ಕಡೆ ಕಟ್ಟಬೇಡಿ.

ಹಾಸಿಗೆ: ಮೇಲಿಗಿಂತ ಕೆಳಗೆ ಜಾಸ್ತಿ

ನಮ್ಮ ಆಯಿ ಒಂದು ಮಾತು ಹೇಳುತ್ತಿದ್ದಳು. "ತಮ್ಮಾ, ಥಂಡಿ ನೆಲದಾಗಿಂದ ಬರ್ತದ, ಮ್ಯಾಲಿಂದಲ್ಲ." ನಮ್ಮ ಮನೆಗಳ ನೆಲ ನೋಡಿ, ಬಹಳ ಕಡೆ ಶಹಾಬಾದಿ ಫರಸಿ. ಬೇಸಿಗೆಗೆ ಅದರಂಥ ಸುಖ ಇನ್ನೊಂದಿಲ್ಲ. ಜನವರಿಯಲ್ಲಿ ಅದೇ ಕಲ್ಲು ಮೈಯ ಕಾವನ್ನು ರಾತ್ರಿಯಿಡೀ ಎಳೆಯುತ್ತದೆ. ಮೇಲೆ ಮೂರು ಹೊದಿಕೆ, ಕೆಳಗೆ ಒಂದು ತೆಳು ಚಾಪೆ ಇದ್ದರೆ ನಡುಕ ನಿಲ್ಲುವುದೇ ಇಲ್ಲ.

ಹಾಗಾಗಿ ಹೀಗೆ ಹಾಸಿ. ಎಲ್ಲಕ್ಕಿಂತ ಕೆಳಗೆ ಚಾಪೆ ಅಥವಾ ದಪ್ಪ ರಟ್ಟು. ಅದರ ಮೇಲೆ ಕಂಬಳಿ. ಕಂಬಳಿ ಮೇಲೆ ಒಂದು ಹಳೆ ಕೌದಿ, ಆಮೇಲೆ ಮೆತ್ತನೆ ದುಪ್ಪಟಿ. ಮೈಮೇಲೆ ಮೊದಲು ತೆಳು ಹತ್ತಿ ಚಾದರ, ಅದರ ಮೇಲೆ ಕೌದಿ. ಇನ್ನೂ ಸಾಲದಿದ್ದರೆ ರಗ್ಗು. ಒಂದೇ ದಪ್ಪ ಹೊದಿಕೆಗಿಂತ ಎರಡು ಮೂರು ತೆಳು ಹೊದಿಕೆ ಒಳ್ಳೆಯದು, ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು. ಒಳ್ಳೆಯ ಕೌದಿ ಅಷ್ಟು ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಹಳೆ ಸೀರೆ, ಧೋತ್ರದ ಐದಾರು ಪದರ, ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುವ ಹೊಲಿಗೆ. ಎರಡು ಹೊಲಿಗೆ ಸಾಲಿನ ನಡುವೆ ಬೆರಳಿಟ್ಟು ನೋಡಿ, ಸಣ್ಣಗೆ ಉಬ್ಬಿರುತ್ತದೆ. ಅಲ್ಲಿ ಗಾಳಿ ಕೂತಿದೆ ಅಂತ ಅರ್ಥ. ಬಹಳ ವರ್ಷ ಬಳಸಿ ಚಪ್ಪಟೆಯಾದ ಕೌದಿಯನ್ನು ಕೆಳಗೆ ಹಾಸಿ, ಹೊಸದನ್ನು ಹೊದ್ದುಕೊಳ್ಳಿ. ಈಗ ಊರಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಕಡಿಮೆಯಾಗಿದ್ದಾರೆ. ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದರೆ ಸೀರೆ ಕೊಟ್ಟು, ಸರಿಯಾದ ಕೂಲಿ ಕೊಟ್ಟು ಹೊಲಿಸಿಕೊಳ್ಳಿ. ಅಂಗಡಿಯ ರಗ್ಗು ಅದಕ್ಕೆ ಸಮ ಅಲ್ಲ.

ಕಾಲು ತಣ್ಣಗಿದ್ದರೆ ನಿದ್ದೆ ಹತ್ತುವುದಿಲ್ಲ. ಮಲಗುವ ಮೊದಲು ಕಾಲು ತೊಳೆದು ಪೂರ್ತಿ ಒರೆಸಿ, ಎಣ್ಣೆ ಸವರಿ, ಹತ್ತಿ ಕಾಲುಚೀಲ ಹಾಕಿ. ಬಿಸಿನೀರಿನ ಚೀಲ ಇಟ್ಟುಕೊಳ್ಳುವವರು ಅದಕ್ಕೆ ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಅದನ್ನು ಇಡಲೇಬೇಡಿ. ಕೆಲವರಿಗೆ ಪಾದದ ಅರಿವು ಕಡಿಮೆಯಾಗಿರುತ್ತದೆ, ಸುಟ್ಟಿದ್ದು ಬೆಳಿಗ್ಗೆಯೇ ಗೊತ್ತಾಗುತ್ತದೆ.

ಬೆಂಕಿ ಹೊರಗಿರಲಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಮುಚ್ಚಿದ ಕೋಣೆಯೊಳಗೆ ಕೆಂಡದ ಶೇಗಡಿ ಇಟ್ಟುಕೊಂಡು ಮಲಗಬೇಡಿ. ಒಂದು ತಾಸಿಗೂ ಬೇಡ.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ಮನೆಯಲ್ಲಿ ಬಾಣಂತಿ ಅಕ್ಕ ಇದ್ದಳು. ಥಂಡಿ ಜಾಸ್ತಿ ಅಂತ ಅವ್ವ ಬಾಣಂತಿ ಕೋಣೆಯಲ್ಲಿ ಕೆಂಡ ತುಂಬಿದ ಬುಟ್ಟಿ ಇಟ್ಟು ಬಾಗಿಲು ಎಳೆದಳು. ಹೊಗೆ ಇರಲಿಲ್ಲ, ಕೆಂಡ ಚೆನ್ನಾಗಿ ಹತ್ತಿಕೊಂಡಿತ್ತು, ಹಾಗಾಗಿ ಭಯ ಇಲ್ಲ ಅಂದುಕೊಂಡಿದ್ದರು. ರಾತ್ರಿ ಒಂದರ ಸುಮಾರಿಗೆ ಅಪ್ಪ ನೀರು ಕುಡಿಯಲು ಎದ್ದವರು ಅಕ್ಕ ನರಳುವುದನ್ನು ಕೇಳಿ ಬಾಗಿಲು ತೆಗೆದರು. ಅವಳಿಗೆ ತಲೆ ಸಿಡಿಯುತ್ತಿತ್ತು, ಎದ್ದು ನಿಲ್ಲಲು ಕಾಲಲ್ಲಿ ಬಲ ಇರಲಿಲ್ಲ, ಅಂಗಳಕ್ಕೆ ಬಂದು ವಾಂತಿ ಮಾಡಿಕೊಂಡಳು. ಕೂಸನ್ನು ಅವ್ವ ಎದೆಗೆ ಅಪ್ಪಿಕೊಂಡು ಬಯಲಲ್ಲಿ ನಿಂತಿದ್ದು, "ಅಳು ನನ್ನಪ್ಪಾ, ಒಮ್ಮೆ ಅಳು" ಅಂತ ಅದರ ಪಾದ ತಟ್ಟುತ್ತಿದ್ದುದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಕೂಸು ಅತ್ತಿತು. ಇಬ್ಬರೂ ಉಳಿದರು.

ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ ಅಲ್ಲವೇ ಅಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಬಂದು ಕೂತುಬಿಡುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ತಲೆನೋವು, ತಲೆ ತಿರುಗುವುದು, ವಾಕರಿಕೆ ಬಂದರೆ ತಡ ಮಾಡದೆ ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ. ಇಕ್ಕಟ್ಟಾದ ಬಚ್ಚಲಲ್ಲಿ ಕೂಡಿಸಿದ ಗ್ಯಾಸ್ ಗೀಸರ್‌ದೂ ಇದೇ ಅಪಾಯ. ಅದನ್ನು ಹೊರಗಿನ ಗೋಡೆಗೆ ಕೂಡಿಸಿ, ಇಲ್ಲವೇ ನೀರು ತುಂಬಿಸಿ ಗೀಸರ್ ಆರಿಸಿದ ಮೇಲೆ ಜಳಕಕ್ಕೆ ಹೋಗಿ. ಬೆಳಕಿಂಡಿ ಮುಚ್ಚಬೇಡಿ ಅಂದಿದ್ದು ಇದಕ್ಕೇ.

ಬೆಂಕಿ ಕಾಯಿಸಬೇಕೆಂದರೆ ಅಂಗಳದಲ್ಲಿ ಕಾಯಿಸಿ. ತೊಗರಿ ಕಟ್ಟಿಗೆ ಈಗ ಎಲ್ಲರ ಮನೆ ಹಿಂದೆ ಇರುತ್ತದೆ, ಬೇಗ ಹತ್ತುತ್ತದೆ, ಒಳ್ಳೆ ಉರಿ ಕೊಡುತ್ತದೆ. ಟೈರು, ಪ್ಲಾಸ್ಟಿಕ್ ಹಾಕಬೇಡಿ. ಬಣವೆಯಿಂದ ದೂರ ಇರಿ, ನೈಲಾನ್ ಸೀರೆ, ಶಾಲಿನ ಸೆರಗು ಬಿಗಿದು ಕಟ್ಟಿಕೊಳ್ಳಿ. ಏಳುವ ಮೊದಲು ನೀರು ಹಾಕಿ ಆರಿಸಿ.

ನಸುಕು: ಐದರಿಂದ ಎಂಟೂವರೆ

ಥಂಡಿ ನಡುರಾತ್ರಿ ಹೆಚ್ಚು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ನೆಲ ರಾತ್ರಿಯಿಡೀ ಕಾವು ಕಳೆದುಕೊಳ್ಳುತ್ತಲೇ ಹೋಗುತ್ತದೆ, ಹಾಗಾಗಿ ಅತಿ ಹೆಚ್ಚು ಥಂಡಿ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಈ ದಿನಗಳಲ್ಲಿ ನಮ್ಮ ಕಡೆ ಅದು ಏಳರ ಹತ್ತಿರ. ನಾವು ವಾಕಿಂಗ್ ಹೋಗುವುದು, ಮಕ್ಕಳಿಗೆ ಜಳಕ ಮಾಡಿಸುವುದು, ಹೊಲಕ್ಕೆ ಹೊರಡುವುದು ಎಲ್ಲ ಸರಿಯಾಗಿ ಅದೇ ಹೊತ್ತಿಗೆ.

ವಯಸ್ಸಾದವರ ಮೇಲೆ ನಿಗಾ ಇಡಿ. ಥಂಡಿಗೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ. ಕೌದಿಯೊಳಗಿಂದ ಎದ್ದವರು ಹಾಗೇ ಅಂಗಳಕ್ಕೆ ನಡೆಯಬಾರದು. ಎದ್ದು ಎರಡು ನಿಮಿಷ ಹಾಸಿಗೆಯಲ್ಲೇ ಕೂತು, ಕುಲಾಯಿ, ಸ್ವೆಟರ್, ಚಪ್ಪಲಿ ಹಾಕಿಕೊಂಡು, ಒಂದು ಗ್ಲಾಸ್ ಬಿಸಿನೀರು ಕುಡಿದು ಆಮೇಲೆ ಹೊರಗೆ ಬರಲಿ. ವಾಕಿಂಗನ್ನು ಎಂಟರ ಮೇಲೆ ಇಟ್ಟುಕೊಳ್ಳಲಿ. ಬಿಪಿ, ದಮ್ಮಿನ ಗುಳಿಗೆ, ಪಂಪ್ ಮುಗಿಯುವ ಮೊದಲೇ ತಂದಿಡಿ. ಎದೆ ಬಿಗಿತ, ಎಡಗೈ ಸೆಳೆತ, ಬೆವರು ಕಂಡರೆ ಗ್ಯಾಸ್ ಇರಬೇಕು ಅಂತ ಸುಮ್ನೆ ಕೂರದೆ ದವಾಖಾನೆಗೆ ಕರೆದೊಯ್ಯಿರಿ. ಅಜ್ಜ ಅಜ್ಜಿಯ ಮಾತು ತೊದಲಿದರೆ, ಗೊಂದಲ ಪಟ್ಟರೆ, ಅದುವರೆಗೂ ನಡುಗುತ್ತಿದ್ದವರು ಒಮ್ಮೆಲೇ ನಡುಗುವುದು ನಿಲ್ಲಿಸಿ ಮಂಕಾದರೆ ಅದೂ ಅಪಾಯದ ಸೂಚನೆಯೇ.

ಎಳೆಗೂಸಿನ ಹೊಟ್ಟೆ ಮತ್ತು ಪಾದ ಎರಡನ್ನೂ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಚಿಂತೆ ಇಲ್ಲ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಥಂಡಿ ಆಗುತ್ತಿದೆ. ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಿ ಮೇಲೆ ಕೌದಿ ಹೊದಿಸಿ, ಹಾಲು ಕುಡಿಸಿ. ಎರಡೂ ತಣ್ಣಗಿದ್ದರೆ ಹಾಗೇ ಎದೆಗೆ ಹಾಕಿಕೊಂಡೇ ದವಾಖಾನೆಗೆ ಹೊರಡಿ. ಕುಂಚಿಗೆ ಕಟ್ಟಿ, ಕಾಲುಚೀಲ ಹಾಕಿ, ಆದರೆ ಮುಖದ ಮೇಲೆ ಹೊದಿಕೆ ಬರದಂತೆ ನೋಡಿಕೊಳ್ಳಿ. ಕೂಸಿನ ಜಳಕ ಹನ್ನೊಂದು ಗಂಟೆ ಬಿಸಿಲಿಗೆ ಆಗಲಿ. ಬೆಳಿಗ್ಗೆಯೇ ಎರೆಯಬೇಕು ಅನ್ನುವ ಹಿರಿಯರಿಗೆ ಮೆಲ್ಲಗೆ ತಿಳಿಸಿ ಹೇಳಿ, ಕೇಳುತ್ತಾರೆ.

ಶಾಲೆ ಮಕ್ಕಳಿಗೆ ಬನಿಯನ್ನು, ಅಂಗಿ, ಮೇಲೆ ಸ್ವೆಟರ್, ಹೀಗೆ ಪದರ ಪದರ ಹಾಕಿ. ಹತ್ತೂವರೆಗೆ ಸ್ವೆಟರ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಲು ಹೇಳಿಕೊಡಿ. ಮಧ್ಯಾಹ್ನದ ಬಿಸಿಲಲ್ಲಿ ಸ್ವೆಟರ್‌ನಲ್ಲೇ ಬೆವೆತು, ಆ ಒದ್ದೆ ಬನಿಯನ್ನಿನಲ್ಲೇ ಸಂಜೆ ಥಂಡಿಯಲ್ಲಿ ಆಡುತ್ತ ನಿಂತರೆ ನಡುಕ ಹಿಡಿಯುತ್ತದೆ.

ಜಳಕದ ನೀರು, ಒಡೆದ ಹಿಮ್ಮಡಿ

ಬಕೆಟಿನಲ್ಲಿ ಇಳಿಬಿಡುವ ಹೀಟರ್ ರಾಡ್ ನಮ್ಮ ಕಡೆ ಮನೆಮನೆಯಲ್ಲಿದೆ. 1500 ವ್ಯಾಟ್ ರಾಡ್ ಆದರೆ ಒಂದು ಬಕೆಟ್ ನೀರಿಗೆ ಸುಮಾರು 20 ನಿಮಿಷ, ಅರ್ಧ ಯೂನಿಟ್‌ನಷ್ಟು ಕರೆಂಟ್ ಸಾಕು. ಲೋಹದ ಬಕೆಟ್ ಬೇಡ. ಮೊದಲು ರಾಡ್ ನೀರಲ್ಲಿ ಇಡಿ, ಆಮೇಲೆ ಸ್ವಿಚ್ ಹಾಕಿ. ನೀರು ಕಾಯಿತಾ ಅಂತ ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತುಬಿಡಿ. ಅರ್ಥಿಂಗ್ ಇಲ್ಲದ ಪ್ಲಗ್‌ಗೆ ಹಾಕಬೇಡಿ. ಮಕ್ಕಳು ಓಡಾಡುವ ಕಡೆ ಅಂತೂ ಬೇಡವೇ ಬೇಡ. ಸೋಲಾರ್ ಇದ್ದವರು ನೀರನ್ನು ಸಂಜೆಯೇ ಬಳಸಿ, ನಸುಕಿಗಿಂತ ಆಗ ಚೆನ್ನಾಗಿ ಬಿಸಿ ಇರುತ್ತದೆ.

ನೀರು ಹದ ಬಿಸಿ ಇರಲಿ, ಸುಡು ಸುಡು ಬೇಡ. ಜಾಸ್ತಿ ಬಿಸಿನೀರು ಮೈಯ ಎಣ್ಣೆಯನ್ನೆಲ್ಲ ತೊಳೆದು ಚರ್ಮ ಬಿರಿಯುವಂತೆ ಮಾಡುತ್ತದೆ. ಒರೆಸಿಕೊಂಡ ಕೂಡಲೇ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಬಾಟಲಿಯನ್ನು ಹಿಂದಿನ ಮಧ್ಯಾಹ್ನವೇ ಬಿಸಿಲಿಗಿಟ್ಟು ಒಂದು ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟರೆ ಬೆಳಿಗ್ಗೆ ಬೆರಳಿನಿಂದ ತೆಗೆಯಬಹುದು. ಕುಸುಬೆ ಎಣ್ಣೆ ಗಟ್ಟಿಯಾಗುವುದಿಲ್ಲ.

ಹಿಮ್ಮಡಿ ಒಡೆದವರಿಗೆ, ಅದರಲ್ಲೂ ಕಡಲೆ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. ಕಡಲೆ ಎಲೆಯ ಮೇಲೆ ಹುಳಿ ಇರುತ್ತದೆ. ಬೆಳಿಗ್ಗೆ ಇಬ್ಬನಿ ಜೊತೆ ಆ ಹುಳಿ ಒಡೆದ ಹಿಮ್ಮಡಿಯೊಳಗೆ ಇಳಿದರೆ ಚುರುಚುರು ಅಂತ ಉರಿಯುತ್ತದೆ, ಗಾಯ ಮಾಯುವುದಿಲ್ಲ. (ಹಿಂದೆ ಇದೇ ಹೊಲದ ಮೇಲೆ ನಸುಕಿನಲ್ಲಿ ಬಿಳಿ ಬಟ್ಟೆ ಎಳೆದು, ಹಿಂಡಿ, ಆ ಹುಳಿ ನೀರನ್ನು ಹೊಟ್ಟೆನೋವಿಗೆ ಅಂತ ಸೀಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.) ಹಿಂದಿನ ರಾತ್ರಿ ಬೆಚ್ಚನೆ ನೀರಲ್ಲಿ ಕಾಲು ನೆನೆಸಿ, ಒರೆಸಿ, ಎಣ್ಣೆ ಅಥವಾ ವ್ಯಾಸಲೀನ್ ತುಂಬಿ ಕಾಲುಚೀಲ ಹಾಕಿ ಮಲಗಿ. ಹೊಲಕ್ಕೆ ಬೂಟು ಹಾಕಿಕೊಂಡೇ ಹೋಗಿ, ಆದರೆ ಇಬ್ಬನಿ ಆರಿದ ಮೇಲೆ ಹೋಗುವುದು ಇನ್ನೂ ಒಳ್ಳೆಯದು.

ಅಡುಗೆಮನೆಯಲ್ಲಿ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಬಾಣಂತಿಯರಿಗೆ ಅಂಟಿನುಂಡೆ, ಅಳ್ವಿ ಪಾಯಸ. ನಮ್ಮ ಹಿರಿಯರು ಚಳಿಗಾಲಕ್ಕೆ ಮಾಡಿಟ್ಟ ಊಟ ಇದು, ಹೊಸದೇನೂ ಹುಡುಕಬೇಕಾಗಿಲ್ಲ. ರಾತ್ರಿ ಊಟ ಬಿಸಿ ಬಿಸಿ ಇರಲಿ, ಬೇಗ ಆಗಲಿ. ಥಂಡಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಆದರೆ ಗಾಳಿ ಒಣ, ಮೈಯ ನೀರು ಹೋಗುತ್ತಲೇ ಇರುತ್ತದೆ. ಬರೀ ಚಹಾ ಸಾಲದು, ನೆನಪಿಟ್ಟು ನೀರು ಕುಡಿಯಿರಿ.

ಹಾಲು ಹೆಪ್ಪಾಗದಿರುವುದು ಈ ದಿನಗಳ ದೊಡ್ಡ ದೂರು ಅಲ್ವಾ? ಹಾಲು ಬೆರಳಿಗೆ ಚೆನ್ನಾಗಿ ಬೆಚ್ಚಗೆ ಹತ್ತುವಷ್ಟು ಇರುವಾಗ, ಬೇಸಿಗೆಯ ಎರಡರಷ್ಟು ಹೆಪ್ಪು ಹಾಕಿ ಕಲಸಿ, ಹಾಟ್‌ಬಾಕ್ಸ್‌ನಲ್ಲಿ ಮುಚ್ಚಿ, ಟವೆಲ್ ಸುತ್ತಿ ಒಲೆ ಪಕ್ಕ ಇಡಿ. ರಾತ್ರಿ ಎಂಟಕ್ಕೆ ಹಾಕಿದರೆ ಬೆಳಿಗ್ಗೆ ಗಟ್ಟಿ ಮೊಸರು.

ಹೊಲದಲ್ಲಿರುವವರಿಗೆ, ದನಕರುಗಳಿಗೆ

ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರೈತ ರಾತ್ರಿಯೇ ನೀರಲ್ಲಿ ನಿಲ್ಲಬೇಕು. ಈ ಕಷ್ಟ ನೆನೆದಾಗೆಲ್ಲ ನನಗೆ ಸಂಕಟ ಆಗುತ್ತದೆ. ಥಂಡಿಯ ಜೊತೆ ಒದ್ದೆ ಸೇರಿದರೆ ಮೈ ಬಹಳ ಬೇಗ ತಣ್ಣಗಾಗುತ್ತದೆ. ಮೊಣಕಾಲುದ್ದದ ಗಮ್‌ಬೂಟು ಹಾಕಿ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಣ ಬನಿಯನ್ನು, ಕಾಲುಚೀಲ, ಚಾದರ ಕಟ್ಟಿಕೊಂಡು ಹೋಗಿ, ನೀರು ತಿರುವಿದ ಕೂಡಲೇ ಬದಲಿಸಿಕೊಳ್ಳಿ. ಒಬ್ಬರೇ ಹೋಗಬೇಡಿ. ಮೈ ಬೆಚ್ಚಗಾಗಲಿ ಅಂತ ಸೆರೆ ಕುಡಿಯಬೇಡಿ. ಕುಡಿದಾಗ ಬೆಚ್ಚಗೆ ಅನಿಸುವುದು ಒಳಗಿನ ಕಾವು ಚರ್ಮಕ್ಕೆ ಬಂದು ಹೊರಗೆ ಹೋಗುತ್ತಿರುವುದರಿಂದ, ಮೈ ಇನ್ನೂ ಬೇಗ ತಣ್ಣಗಾಗುತ್ತದೆ.

ಕೊಯ್ದ ತೊಗರಿ, ಜೋಳದ ರಾಶಿ ಹೊಲದಲ್ಲಿದ್ದರೆ ತಾಡಪತ್ರಿ ಹತ್ತಿರವೇ ಇರಲಿ. ಚಳಿಗಾಲದ ಕೊನೆಗೆ ಅಕಾಲದ ಮಳೆ ಬಂದು ಹೋಗುವುದು ಉಂಟು. ಮೋಡ ಮುಸುಕಿದ ದಿನಗಳಲ್ಲಿ ಕಡಲೆಯ ಕಾಯಿಕೊರಕದ ಹುಳವನ್ನೂ ದಿನಾ ಗಿಡ ತಿರುವಿ ನೋಡಿ.

ಎತ್ತು, ಎಮ್ಮೆ, ಆಕಳನ್ನು ಬಯಲಲ್ಲಿ ಕಟ್ಟಬೇಡಿ, ಮೇಲೆ ಒಂದು ಚಪ್ಪರ ಇದ್ದರೂ ಇಬ್ಬನಿ ತಪ್ಪುತ್ತದೆ. ಕಾಲಡಿ ಒಣ ಜೋಳದ ಕಣಕಿ ಚೂರು ಹರವಿ, ಒದ್ದೆಯಾದರೆ ತೆಗೆಯಿರಿ. ಉತ್ತರದ ಕಡೆ ಗೋಣಿ ತಟ್ಟಿನ ಮರೆ ಕಟ್ಟಿ. ಕರು, ಮರಿಗಳ ಬೆನ್ನಿಗೆ ತಟ್ಟು ಹೊದಿಸಿ ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಿ. ರಾತ್ರಿ ಮೇವು ಸ್ವಲ್ಪ ಜಾಸ್ತಿ ಹಾಕಿ, ಮೇವು ಅರಗುವಾಗ ಹುಟ್ಟುವ ಕಾವೇ ಅವುಗಳಿಗೆ ಶೇಗಡಿ. ನೀರನ್ನು ಮಧ್ಯಾಹ್ನ ಕುಡಿಸಿ.

ನಸುಕಿನಲ್ಲಿ ಬೈಕ್ ಮೇಲೆ ಹೊರಡುವವರು ಎದೆಯ ಮೇಲೆ, ಸ್ವೆಟರಿನ ಒಳಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಳ್ಳಿ, ಗಾಳಿ ತಡೆಯಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ಕೈಗವಸು ಮರೆಯಬೇಡಿ, ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ಆಗುವುದಿಲ್ಲ. ಕೆರೆ, ನದಿ ದಂಡೆಯ ರಸ್ತೆಯಲ್ಲಿ ಮಂಜು ಇದ್ದರೆ ನಿಧಾನ ಹೋಗಿ. ಜಾತ್ರೆಗೆ ಹೋಗಿ ಬಯಲಲ್ಲಿ ರಾತ್ರಿ ಕಳೆಯುವವರು ಹೊದಿಯಲು ಒಂದು, ಹಾಸಲು ಎರಡು ಅಂತ ಲೆಕ್ಕ ಹಾಕಿ ಒಯ್ಯಿರಿ.

ಶಿವರಾತ್ರಿ ಆದ ಮೇಲೆ

ಈಗ ಮಡಚಬಹುದು, ಆದರೆ ಹಾಗೇ ಅಲ್ಲ. ಕೌದಿಯನ್ನು ಒಗೆದು ಎರಡು ದಿನ ಪೂರ್ತಿ ಒಣಗಿಸಿ. ಪದರಗಳ ನಡುವೆ ತೇವ ಉಳಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಇಲಿ ಬೇರೆ ಬರುತ್ತವೆ. ಕಂಬಳಿಯನ್ನು ಕಲ್ಲಿಗೆ ಬಡಿಯಬೇಡಿ, ತಣ್ಣೀರಲ್ಲಿ ನೆನೆಸಿ ಒತ್ತಿ ನೀರು ತೆಗೆದು ಹರವಿ ಒಣಗಿಸಿ. ಎಣ್ಣೆ, ಬೆವರು ಹತ್ತಿದ ಉಣ್ಣೆಗೇ ನುಸಿ ಮೊದಲು ಬೀಳುವುದು, ಹಾಗಾಗಿ ತೊಳೆಯದೆ ಇಡಬೇಡಿ. ಒಣ ಬೇವಿನ ಎಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಪದರದ ನಡುವೆ ಇಟ್ಟು, ಟ್ರಂಕನ್ನು ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿಡಿ. ಹರಿದ ಹೊಲಿಗೆ ಈಗಲೇ ಹಾಕಿಸಿ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ಗಡಿಬಿಡಿಯಲ್ಲಿ ಯಾರಿಗೂ ಸೂಜಿ ಹಿಡಿಯಲು ಪುರಸೊತ್ತು ಇರುವುದಿಲ್ಲ. ಮನೆಯಲ್ಲಿ ಕೂಸು, ಮುದುಕರು ಇದ್ದರೆ ಒಂದು ಕೌದಿ ಮಾತ್ರ ಇನ್ನೂ ಹದಿನೈದು ದಿನ ಹೊರಗೇ ಇರಲಿ.